ಬಾಣಂತಿಗೆ ನೀರು

ಸಾನಮಾವಿನ ಕಾಡಂಚಿನ ಹಳ್ಳಿಗಳಲ್ಲಿ ಆಗ ಯಾರ ಮನೆಯಲ್ಲಿ ಹೆರಿಗೆ ನೋವು ಕಾಣಿಸಿಕೊಂಡರೂ ಮೊದಲು ನೆನಪಾಗುತ್ತಿದ್ದದ್ದು ದೇವರಲ್ಲ, ದೊಡ್ಡಮುನಿಯಮ್ಮ. ದೇವರಿಗೆ ಹರಕೆ ಹೊರುವುದು ಆಮೇಲೆ. ಮೀಸೆ ತಿರುವಿಕೊಂಡು ಓಡಾಡುವ ಗಂಡಸರು ಕೂಡ ಅವಳೆದುರು ಮೆತ್ತಗಾಗುತ್ತಿದ್ದರು. ಅವರಲ್ಲಿ ಅರ್ಧಕ್ಕರ್ಧ ಜನರ ಹೊಕ್ಕುಳಬಳ್ಳಿ ಕೊಯ್ದವಳು ಅವಳೇ. "ಏನ್ಲಾ, ಕಾಲು ಮುಂದಾಗಿ ಬಂದೋನೆ, ಇವತ್ತೂ ಅಡ್ಡಡ್ಡವಾಗೇ ನಡೀತಿದ್ದೀಯಲ್ಲೋ!" ಎಂದು ನಾಲ್ಕು ಜನರ ಮುಂದೆ ಅಂದುಬಿಟ್ಟರೆ ಪಟೇಲರ ಮಗನಾದರೂ ತಲೆ ಕೆರೆದುಕೊಂಡು ನಗಬೇಕಾಗಿತ್ತು. ಅವನು ಹುಟ್ಟಿದ ಗಳಿಗೆಯ ಅವತಾರವನ್ನೆಲ್ಲ ನೋಡಿದವಳ ಮುಂದೆ ಜಂಬ ಎಲ್ಲಿ ನಡೆಯುತ್ತದೆ?

ತವರು ಗುಮ್ಮಳಾಪುರ. ಚಿಕ್ಕ ವಯಸ್ಸಿಗೇ ಸಾನಮಾವಿಗೆ ಸೊಸೆಯಾಗಿ ಬಂದು, ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡಳು. ಅವಳ ಅತ್ತೆ ಸೂಲಗಿತ್ತಿ. ಹೆರಿಗೆ ಮನೆಗಳಿಗೆ ಹೋಗುವಾಗ ಸೊಸೆಯನ್ನೂ ಜೊತೆಗೆ ಕರೆದುಕೊಂಡು ಹೋಗಿ, ಬೈದು, ಕೈಮೇಲೆ ಹೊಡೆದು, ಕೆಲಸ ಕಲಿಸಿದಳು. ಅತ್ತೆ ಹೋದ ಮೇಲೆ ಆ ಕೆಲಸ ದೊಡ್ಡಮುನಿಯಮ್ಮನ ಪಾಲಿಗೆ ಬಂತು. ಎತ್ತರದ ಆಳು, ಗಂಟಲು ಅದಕ್ಕಿಂತ ದೊಡ್ಡದು, ಬಾಯಲ್ಲಿ ಸದಾ ಎಲೆಯಡಿಕೆ. ಅಡ್ಡ ತಿರುಗಿದ ಕೂಸನ್ನು ಹೊಟ್ಟೆಯ ಮೇಲೆ ಕೈಯಿಟ್ಟೇ ನೇರ ಮಾಡುತ್ತಿದ್ದಳು. ಉಸಿರಾಡದೆ ಹುಟ್ಟಿದ ಕೂಸಿನ ಬಾಯೊರೆಸಿ, ಬೆನ್ನುಜ್ಜಿ, ಕುಂಡಿಗೆ ತಟ್ಟಿ ಅಳಿಸಿಯೇ ಬಿಡುತ್ತಿದ್ದಳು. ಹೊಸೂರಿನ ಆಸ್ಪತ್ರೆಯ ಡಾಕ್ಟರಮ್ಮ ಒಂದು ಸಲ ಸುತ್ತಲಿನ ಸೂಲಗಿತ್ತಿಯರನ್ನೆಲ್ಲ ಕರೆಸಿ, ಸೋಪು ಕೊಟ್ಟು, ಉಗುರು ಕತ್ತರಿಸಿಕೊಂಡು ಕೈ ತೊಳೆದೇ ಹೆರಿಗೆ ಮಾಡಿಸಬೇಕು ಎಂದು ಹೇಳಿ ಕಳಿಸಿದ್ದಳು. ಬೇರೆಯವರು ಆ ಸೋಪಿನಲ್ಲಿ ಮುಖ ತೊಳೆದು ಮುಗಿಸಿದರು. ದೊಡ್ಡಮುನಿಯಮ್ಮ ಮಾತ್ರ ಅದನ್ನು ಹೆರಿಗೆಗೆಂದೇ ಎತ್ತಿಟ್ಟಳು. ಒಳ್ಳೆಯದೆಂದು ತೋರಿದ್ದನ್ನು ಹಿಡಿದುಕೊಳ್ಳುವ ಗುಣ ಅವಳಿಗಿತ್ತು.

ಆದರೆ ಹಿಡಿದುಕೊಂಡದ್ದನ್ನು ಬಿಡುವ ಗುಣ ಇರಲಿಲ್ಲ. ಬಾಣಂತಿತನದ ವಿಷಯದಲ್ಲಂತೂ ಅವಳು ಹಾಕಿದ್ದೇ ಗೆರೆ. ಬಾಣಂತಿಯ ಕೋಣೆಗೆ ಗಾಳಿ ಆಡಬಾರದು. ಕಿವಿಗೆ ಹತ್ತಿ, ತಲೆಗೆ ಬಟ್ಟೆ. ಹಂಡೆಗಟ್ಟಲೆ ಬಿಸಿನೀರು ಹುಯ್ಯಬೇಕು, ಸಾಂಬ್ರಾಣಿ ಹೊಗೆ ಹಾಕಬೇಕು. ಊಟಕ್ಕೆ ಮೆಣಸು ಬೆಳ್ಳುಳ್ಳಿ ಸಾರು, ಬಿಸಿ ಅನ್ನ. ಕುಡಿಯಲು ನೀರು ಮಾತ್ರ ಇಲ್ಲ. ಹಸಿ ಮೈಯಲ್ಲಿ ನೀರು ಕುಡಿದರೆ ಹೊಟ್ಟೆ ದಪ್ಪವಾಗುತ್ತದೆ, ಶೀತ ಗರ್ಭಕ್ಕೆ ಇಳಿಯುತ್ತದೆ, ಸನ್ನಿ ಹಿಡಿಯುತ್ತದೆ ಎಂದು ಅವಳ ಅತ್ತೆ ಹೇಳಿದ್ದಳು. ತೀರ ಬಾಯಾರಿದರೆ ಓಂಕಾಳಿನ ಕಷಾಯ ಒಂದು ಗುಟುಕು ಕೊಡಬಹುದು, ಅಷ್ಟೆ. ಬಾಣಂತಿಯರು ಬೇಡುತ್ತಿದ್ದರು, ಅಳುತ್ತಿದ್ದರು. ಯಾರ ಮನೆಯಲ್ಲೂ ಆ ಗೆರೆ ದಾಟುವ ಧೈರ್ಯ ಯಾರಿಗೂ ಇರಲಿಲ್ಲ.

ದೊಡ್ಡ ಯುದ್ಧ ಮುಗಿದ ಮರುವರ್ಷ, ರಾಗಿ ತೆನೆ ಬಲಿಯುವ ಕಾಲ. ಆನೆಗಳು ಕಾಡಿನಿಂದ ಹೊಲಕ್ಕಿಳಿಯುತ್ತಿದ್ದವೆಂದು ಊರಿನ ಗಂಡಸರೆಲ್ಲ ಅಟ್ಟಣೆ ಹತ್ತಿ ಕೂರುತ್ತಿದ್ದ ದಿನಗಳು. ಅದೇ ಊರಿನ ಭದ್ರಮ್ಮನ ಮನೆಯಲ್ಲಿ ಸೊಸೆ ನಾರಾಯಣಮ್ಮನಿಗೆ ಎರಡನೆಯ ಹೆರಿಗೆಯಾಯಿತು. ಹೆಣ್ಣು ಕೂಸು, ಗಟ್ಟಿಯಾಗಿತ್ತು. ಹೆರಿಗೆಯೂ ಸಲೀಸು. ನಾರಾಯಣಮ್ಮನ ಗಂಡ ಪಾಪಯ್ಯ ಅಟ್ಟಣೆಯಿಂದ ಇಳಿದು ಬಂದು ಮಗಳನ್ನು ನೋಡಿ, ನಿದ್ದೆಗಣ್ಣಲ್ಲೇ ಹಲ್ಲು ಕಿರಿದು, ಮತ್ತೆ ಹೊಲಕ್ಕೆ ಹೋದ.

ಎರಡು ಮೂರು ದಿನ ಕಳೆಯುವುದರೊಳಗೆ ನಾರಾಯಣಮ್ಮನಿಗೆ ಚಳಿ ಬಂತು. ಚಳಿಯ ಹಿಂದೆಯೇ ಜ್ವರ ಬಂತು. ಮೈ ಸುಡುತ್ತಿತ್ತು, ಕೆಳಹೊಟ್ಟೆ ಮುಟ್ಟಿಸಿಕೊಳ್ಳುತ್ತಿರಲಿಲ್ಲ, ಮೈಲಿಗೆಯ ಬಟ್ಟೆ ಕೆಟ್ಟ ವಾಸನೆ. ದೊಡ್ಡಮುನಿಯಮ್ಮ ಹೊಸಲು ದಾಟುವಾಗಲೇ ಆ ವಾಸನೆಯನ್ನು ಗುರುತು ಹಿಡಿದಳು. ಇದೇ ಕೋಣೆಯಲ್ಲಿ, ಇದೇ ಜ್ವರದಲ್ಲಿ, ಕೆಲವು ವರ್ಷಗಳ ಹಿಂದೆ ಭದ್ರಮ್ಮನ ಹಿರಿಯ ಮಗಳು ಪಾಪಮ್ಮ ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳು ತಿರುಗಿ ಹೋಗಿರಲಿಲ್ಲ.

ಭದ್ರಮ್ಮ ಬಾಗಿಲಿಗೆ ಒರಗಿ ನಿಂತಿದ್ದಳು. ಅಳಲಿಲ್ಲ. "ಅದೇನಾ, ಮುನಿಯಕ್ಕ?" ಎಂದು ಕೇಳಿದಳು, ಅಷ್ಟೆ.

"ಅದೇಯ," ಎಂದಳು ದೊಡ್ಡಮುನಿಯಮ್ಮ. ಸುಳ್ಳು ಹೇಳಿ ಸಮಾಧಾನ ಮಾಡುವ ಅಭ್ಯಾಸ ಅವಳಿಗಿರಲಿಲ್ಲ.

ತನಗೆ ಗೊತ್ತಿದ್ದ ಬೇರು ನಾರುಗಳನ್ನೆಲ್ಲ ಅರೆದು ಕುಡಿಸಿ ನೋಡಿದಳು. ಜ್ವರ ಕದಲಲಿಲ್ಲ. ನಾರಾಯಣಮ್ಮ ಏನೇನೋ ಬಡಬಡಿಸತೊಡಗಿದಳು. ಹೊಸೂರಿನ ಡಾಕ್ಟರಮ್ಮನ ಹತ್ತಿರ ಈ ನಂಜಿಗೆ ಹೊಸ ಮಾತ್ರೆ ಬಂದಿದೆಯೆಂದು ಸಂತೆಯಲ್ಲಿ ಯಾರೋ ಆಡಿಕೊಂಡದ್ದು ದೊಡ್ಡಮುನಿಯಮ್ಮನ ಕಿವಿಗೆ ಬಿದ್ದಿತ್ತು. ಹಸಿ ಬಾಣಂತಿಯನ್ನು ಗಾಡಿಯಲ್ಲಿ ಕುಲುಕಿಸಿಕೊಂಡು ಅಷ್ಟು ದೂರ ಒಯ್ಯುವ ಮಾತೇ ಇರಲಿಲ್ಲ. ಅವಳೇ ಹೊರಟಳು. ಆನೆ ತಿರುಗಾಡುವ ದಾರಿ, ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗೆಂದು ಜನ ಹೇಳಿದರು. "ಆನೆಗೂ ಹೆರಿಗೆ ಆಯ್ತದೆ, ಅದಕ್ಕೂ ಗೊತ್ತಾಯ್ತದೆ, ಬಿಡ್ರಿ," ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿ ನಡೆದೇಬಿಟ್ಟಳು.

ಡಾಕ್ಟರಮ್ಮನ ಹೆಸರು ವರಲಕ್ಷ್ಮಮ್ಮ. ತೆಲುಗು ಮನೆಮಾತು, ಓದಿದ್ದು ಮದರಾಸಿನಲ್ಲಿ, ರೋಗಿಗಳ ಜೊತೆ ಕನ್ನಡ, ತೆಲುಗು, ತಮಿಳು ಮೂರನ್ನೂ ಕಲಸಿ ಮಾತಾಡುತ್ತಿದ್ದಳು. ದೊಡ್ಡಮುನಿಯಮ್ಮ ಹೇಳಿದ್ದನ್ನೆಲ್ಲ ಅವಳು ನಡುವೆ ಬಾಯಿ ಹಾಕದೆ ಕೇಳಿದಳು. ಮೈಲಿಗೆಯ ವಾಸನೆ ಎಂಥದು, ಹೊಟ್ಟೆ ಎಲ್ಲಿ ಮುಟ್ಟಿದರೆ ನೋವು, ಚಳಿ ಯಾವ ಹೊತ್ತಿಗೆ ಬರುತ್ತದೆ ಎಂದು ವಿಚಾರಿಸಿದಳು. ಆಮೇಲೆ ಬೀರುವಿನ ಬೀಗ ತೆಗೆದು ಬಿಳಿಯ ಮಾತ್ರೆಗಳನ್ನು ಎಣಿಸಿ ಕಾಗದದಲ್ಲಿ ಮಡಿಸಿಕೊಟ್ಟಳು. "ಇದು ಸಲ್ಫಾ ಮಾತ್ರೆ. ಯುದ್ಧದ ಕಾಲದಲ್ಲಿ ಸಿಪಾಯಿಗಳ ಗಾಯಕ್ಕೆ ಕೊಡ್ತಿದ್ರು. ಈಗ ನಮಗೂ ಸ್ವಲ್ಪ ಸಿಗ್ತಾ ಇದೆ."

ದೊಡ್ಡಮುನಿಯಮ್ಮ ಮಾತ್ರೆಯನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದಳು. ಏಳುವ ಬದಲು ಅಲ್ಲೇ ಕೂತಳು. "ತಾಯಿ, ಒಂದು ಮಾತು. ಮಾತ್ರೆ ಹೋಗೋದು ಹೊಟ್ಟೆಗೆ. ನಂಜು ಇರೋದು ಗರ್ಭದಾಗೆ. ಅಲ್ಲಿಗೆ ದಾರಿ ಹೆಂಗೆ ಗೊತ್ತಾಯ್ತದೆ ಅದಕ್ಕೆ?"

ಹೊರಗೆ ಜನ ಕಾಯುತ್ತಿದ್ದರು. ಡಾಕ್ಟರಮ್ಮ ಆದರೂ ಪೆನ್ನು ಕೆಳಗಿಟ್ಟಳು. "ಗೊತ್ತಾಗಲ್ಲಮ್ಮ. ಮಾತ್ರೆಗೆ ಕಣ್ಣಿಲ್ಲ. ನಿಮ್ಮೂರಲ್ಲಿ ವಾಂತಿಭೇದಿ ಬಂದಾಗ ಬಾವಿಗೆ ನೇರಳೆ ಔಷಧಿ ಹಾಕ್ತಾರಲ್ಲ, ನೋಡಿದ್ದೀಯಾ?"

"ನೋಡ್ದೆ ಏನು? ಸೇದಿದ ನೀರೆಲ್ಲ ನೇರಳೆಹಣ್ಣಿನ ರಸ."

"ಹಾಕೋನು ರೋಗದ ಹುಳ ಬಾವಿಯ ಯಾವ ಮೂಲೇಲಿದೆ ಅಂತ ಹುಡುಕ್ತಾನಾ? ಸುಮ್ಮನೆ ಹಾಕ್ತಾನೆ. ಬಾವಿಗೆ ಬಾವಿಯೇ ಬಣ್ಣ ಆಗುತ್ತೆ. ಹುಳ ಇರೋ ಕಡೆಗೂ ಹೋಗುತ್ತೆ, ಇಲ್ಲದ ಕಡೆಗೂ ಹೋಗುತ್ತೆ. ಇದೂ ಹಾಗೇ. ಹೊಟ್ಟೇಲಿ ಕರಗಿ ರಕ್ತಕ್ಕೆ ಸೇರುತ್ತೆ. ರಕ್ತ ಹೋದ ಕಡೆಯೆಲ್ಲ ಹೋಗುತ್ತೆ. ತಲೆಗೂ ಹೋಗುತ್ತೆ, ಕಿರುಬೆರಳಿಗೂ ಹೋಗುತ್ತೆ, ಗರ್ಭಕ್ಕೂ ಹೋಗುತ್ತೆ."

"ಹಂಗಾದ್ರೆ ಹಾಲಿಗೂ?"

ಡಾಕ್ಟರಮ್ಮನ ಮುಖ ಅರಳಿತು. "ಹಾಲಿಗೂ ಸ್ವಲ್ಪ ಹೋಗುತ್ತೆ. ಕೂಸನ್ನ ಕಣ್ಣಿಟ್ಟು ನೋಡ್ಕೋ. ಮಂಕಾದ್ರೆ ನನಗೆ ಹೇಳಿ ಕಳಿಸು."

"ಅಷ್ಟನ್ನೂ ಒಂದೇ ಸಲಕ್ಕೆ ನುಂಗಿಸ್ಬುಟ್ರೆ? ಬಿರ್‍ರನೆ ವಾಸಿ ಆಗಲ್ವಾ?"

"ಒಂದು ಮೂಟೆ ನೇರಳೆ ಪುಡಿ ಸುರಿದ ಬಾವಿ ನೀರನ್ನ ನೀನು ಕುಡೀತೀಯಾ? ಒಂದು ಚಿಟಿಕೆ ಹಾಕಿದ್ರೆ ಹುಳ ಸಾಯುತ್ತಾ? ಅವೆರಡರ ಮಧ್ಯೆ ಒಂದು ಅಳತೆ ಇದೆ. ಆ ಅಳತೇಲಿದ್ರೇನೇ ಅದು ಔಷಧಿ. ನೀರು ಸೇದ್ತಾ ಸೇದ್ತಾ, ಹೊಸ ಒರತೆ ಬರ್ತಾ ಬರ್ತಾ ಬಾವಿಯ ಬಣ್ಣ ತೆಳುವಾಗುತ್ತಲ್ಲ? ಮೈಯೂ ಅಷ್ಟೇ. ಒಳಗೆ ಬಂದ ಔಷಧೀನ ಮೂತ್ರದಲ್ಲಿ ಹೊರಗೆ ಹಾಕ್ತಾನೇ ಇರುತ್ತೆ. ಬಣ್ಣ ತೆಳುವಾಗೋಕೆ ಮುಂಚೆ ಮತ್ತೆ ಕೊಡಬೇಕು. ದನ ಬಿಡೋ ಹೊತ್ತಿಗೆ, ನಡುಹಗಲಿಗೆ, ದನ ಬರೋ ಹೊತ್ತಿಗೆ, ಮಲಗೋ ಮುಂಚೆ, ಮೊದಲ ಕೋಳಿಗೆ. ಜ್ವರ ಇಳೀತು ಅಂತ ನಿಲ್ಲಿಸಬಾರದು."

"ಹುಳಗಳನ್ನ ಸಾಯಿಸ್ತದಾ ಇದು?"

"ಸಾಯಿಸಲ್ಲ. ಕಾಳು ಅಂತ ಹೇಳಿ ಜೊಳ್ಳು ತಿನ್ನಿಸುತ್ತೆ. ಜೊಳ್ಳು ತಿಂದ ಹುಳ ಮರಿ ಹಾಕಲ್ಲ. ಇರೋ ಹುಳಗಳನ್ನ ಮುಗಿಸೋದು ಅವಳ ಮೈಯ ಶಕ್ತಿನೇ. ಮಾತ್ರೆ ಅದಕ್ಕೆ ಪುರುಸೊತ್ತು ಮಾಡಿಕೊಡುತ್ತೆ, ಅಷ್ಟೆ." ಡಾಕ್ಟರಮ್ಮ ಎದ್ದು ನಿಂತಳು. "ಮುಖ್ಯವಾದ್ದು ಇದು, ಕೇಳು. ನೀರು ಚೆನ್ನಾಗಿ ಕುಡಿಸಬೇಕು. ಕೇಳಿದಾಗೆಲ್ಲ ಕೊಡಬೇಕು, ಕೇಳದಿದ್ರೂ ಕೊಡಬೇಕು. ನೀರಿದ್ರೆ ಮಾತ್ರೆ ಕರಗಿ ಹೊರಗೆ ಹೋಗುತ್ತೆ. ನೀರಿಲ್ಲದಿದ್ರೆ ಮೂತ್ರದ ದಾರೀಲಿ ಹರಳು ಕಟ್ಟಿಬಿಡುತ್ತೆ. ಸರಿನಾ?"

"ಹೂಂ," ಎಂದಳು ದೊಡ್ಡಮುನಿಯಮ್ಮ.

ಆ ಹೂಂ ಬಾಯಿಂದ ಬಂದದ್ದೇ ಹೊರತು ಮನಸ್ಸಿನಿಂದ ಬಂದದ್ದಲ್ಲ. ಬಾವಿ, ಬಣ್ಣ, ಅಳತೆ, ಜೊಳ್ಳು ಎಲ್ಲವೂ ಅವಳ ತಲೆಗೆ ನೇರ ಇಳಿದಿದ್ದವು. ದಾರಿಯುದ್ದಕ್ಕೂ ಅವನ್ನೇ ಮೆಲುಕು ಹಾಕುತ್ತ, ಎಂಥ ಚಂದದ ಮಾತು ಎಂದು ಬೆರಗಾಗುತ್ತ ನಡೆದಳು. ನೀರಿನ ಮಾತು ಬಂದ ಕಡೆ ಮಾತ್ರ ಅವಳು ಮೂಗು ಮುರಿಯುತ್ತಿದ್ದಳು. ಡಾಕ್ಟರಮ್ಮ ಓದಿದವಳು, ಒಳ್ಳೆಯವಳು, ಆದರೆ ಹೆತ್ತವಳಲ್ಲವಲ್ಲ! ಹಸಿ ಬಾಣಂತಿಯ ಮೈ ಅವಳಿಗೇನು ಗೊತ್ತು? ಮಾತ್ರೆ ಕೊಡೋಣ, ಹೊತ್ತು ತಪ್ಪದೆ ಕೊಡೋಣ, ನೀರಿನ ವಿಷಯ ತನಗೇ ಇರಲಿ. ಊರು ಮುಟ್ಟುವ ಹೊತ್ತಿಗೆ ಅವಳ ತೀರ್ಮಾನ ಆಗಿಹೋಗಿತ್ತು. ಭದ್ರಮ್ಮನಿಗೆ ಎಲ್ಲವನ್ನೂ ಹೇಳಿದಳು, ನೀರಿನ ಮಾತೊಂದನ್ನು ನುಂಗಿಕೊಂಡಳು.

ಕಷಾಯದ ಒಂದೊಂದು ಗುಟುಕಿನಲ್ಲಿ ಮಾತ್ರೆ ಇಳಿಸಿದರು. ದೊಡ್ಡಮುನಿಯಮ್ಮ ಆ ಮನೆ ಬಿಟ್ಟು ಕದಲಲಿಲ್ಲ. ದನದ ಗೊರಸಿನ ಸದ್ದು ಕೇಳಿದರೆ ಎದ್ದು ಮಾತ್ರೆ, ಕೋಳಿ ಕೂಗಿದರೆ ಎದ್ದು ಮಾತ್ರೆ. ಮಾರನೆಯ ದಿನ ಜ್ವರ ಇಳಿಯಿತು. ನಾರಾಯಣಮ್ಮ ಕಣ್ಣು ಬಿಟ್ಟು, "ಮಗು ಎಲ್ಲಿ?" ಎಂದು ಕೇಳಿದಳು. ಭದ್ರಮ್ಮ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು. ದೊಡ್ಡಮುನಿಯಮ್ಮನ ಬಾಯಿಗೆ ಎಲೆಯಡಿಕೆಯ ರುಚಿ ಮತ್ತೆ ಹತ್ತಿತು. ನೀರಿಲ್ಲದೆಯೂ ನಡೆಯಿತಲ್ಲ, ಡಾಕ್ಟರಮ್ಮನಿಗೆ ಒಂದು ದಿನ ಹೇಳಬೇಕು ಎಂದು ಒಳಗೊಳಗೇ ಬೀಗಿದಳು.

ಆ ಬೀಗುವಿಕೆ ಹೆಚ್ಚು ಹೊತ್ತು ಉಳಿಯಲಿಲ್ಲ. ನಾರಾಯಣಮ್ಮ ಸೊಂಟದ ಎರಡೂ ಪಕ್ಕ ಹಿಡಿದುಕೊಂಡು ನರಳತೊಡಗಿದಳು. ಮೂತ್ರ ಬಾರದು. ಹಿಂಡಿ ಬಂದದ್ದೂ ಸ್ವಲ್ಪವೇ, ಅದೂ ಕೆಂಪಗೆ. ಬಚ್ಚಲಲ್ಲಿ ಅದನ್ನು ಕಂಡ ಭದ್ರಮ್ಮ ಒಂದು ಕಿರುಚು ಕಿರುಚಿದಳು. "ವಿಸ ಕೊಟ್ಟು ಕಳ್ಸವ್ಳೆ ನಿನ್ ಡಾಕ್ಟ್ರಮ್ಮ! ರಕ್ತ ಬತ್ತಾ ಐತೆ ನೋಡು ಮುನಿಯಕ್ಕ, ರಕ್ತ!" ಎನ್ನುತ್ತ ಒಳಕ್ಕೆ ಓಡಿದಳು.

ದೊಡ್ಡಮುನಿಯಮ್ಮ ಬಚ್ಚಲಲ್ಲೇ ನಿಂತುಬಿಟ್ಟಳು. ಎದುರಿಗೆ ಬಾಣಂತಿಯ ಸ್ನಾನದ ಹಂಡೆ ಒಲೆಯ ಮೇಲಿತ್ತು. ಗಲಾಟೆಯಲ್ಲಿ ಅದಕ್ಕೆ ನೀರು ತುಂಬುವುದನ್ನು ಮರೆತಿದ್ದರು, ಇದ್ದ ನೀರೆಲ್ಲ ಕುದಿದು ಬತ್ತಿಹೋಗಿತ್ತು. ತಳದಲ್ಲಿ ಸವಳಿನ ಬಿಳಿ ಹರಳು ಗಟ್ಟಿಯಾಗಿ ಹತ್ತಿಕೊಂಡಿತ್ತು. ಅವಳು ಬಗ್ಗಿ ಉಗುರಿನಿಂದ ಕೆರೆದಳು, ಅದು ಬಿಟ್ಟುಬರಲಿಲ್ಲ. ನೀರಿರುವ ತನಕ ಕರಗಿ ಕಾಣದಂತಿದ್ದದ್ದು ನೀರು ಬತ್ತಿದ ಮೇಲೆ ಹೀಗೆ ಹಿಡಿದುಕೊಂಡಿತ್ತು. ಹರಳು ಕಟ್ಟಿಬಿಡುತ್ತೆ ಎಂದ ಡಾಕ್ಟರಮ್ಮನ ಮಾತು ಆಗ ಅವಳಿಗೆ ನಿಜವಾಗಿ ಕೇಳಿಸಿತು. ಆ ಹುಡುಗಿಯ ಹೊಟ್ಟೆಯೊಳಗೆ ಇದೇ ಆಗುತ್ತಿದೆ, ಇದನ್ನು ಮಾಡಿದವಳು ತಾನೇ.

ಅದು ಯಾರಿಗೂ ಗೊತ್ತಿರಲಿಲ್ಲ. ತಪ್ಪನ್ನು ಮಾತ್ರೆಯ ಮೇಲೆ ಹೊರಿಸಿ ಸುಮ್ಮನಿದ್ದರೆ ಊರೆಲ್ಲ ಅವಳ ಪಕ್ಕಕ್ಕೇ ನಿಲ್ಲುತ್ತಿತ್ತು. ನಾರಾಯಣಮ್ಮ ಸಾಯುತ್ತಿದ್ದಳು, ಅಷ್ಟೆ.

ಅಡುಗೆಮನೆಯಲ್ಲಿ ಭದ್ರಮ್ಮ ಉಳಿದ ಮಾತ್ರೆಗಳ ಪೊಟ್ಟಣ ಹಿಡಿದು ಒಲೆಯ ಮುಂದೆ ಕೂತಿದ್ದಳು. ಪಾಪಯ್ಯ ಬಾಗಿಲಲ್ಲಿ ಏನೂ ತೋಚದೆ ನಿಂತಿದ್ದ.

"ಅದನ್ನ ಕೆಳಗೆ ಮಡಗು ಭದ್ರಿ," ಎಂದಳು ದೊಡ್ಡಮುನಿಯಮ್ಮ. "ತಪ್ಪು ಮಾತ್ರೇದಲ್ಲ, ನಂದು. ನೀರು ಕುಡಿಸು, ಕೇಳದಿದ್ರೂ ಕುಡಿಸು ಅಂತ ಡಾಕ್ಟ್ರಮ್ಮ ಬಿಡಿಸಿ ಬಿಡಿಸಿ ಹೇಳಿದ್ರು. ನಾನೇ ನಿಮಗೆ ಹೇಳ್ಲಿಲ್ಲ. ನೀರಿಲ್ಲದೆ ಔಸ್ದಿ ಒಳಗೇ ಹರಳು ಕಟ್ಟೈತೆ. ಈಗ್ಲೇ ನೀರು ಕೊಡ್ಬೇಕು."

"ನೀರಾ? ಬಾಣಂತಿಗಾ?" ಭದ್ರಮ್ಮ ಅವಳನ್ನು ಹುಚ್ಚಿಯನ್ನು ನೋಡುವಂತೆ ನೋಡಿದಳು.

"ಬಾಣಂತಿಗೇಯ. ಚೊಂಬುಗಟ್ಟಲೆ."

ಭದ್ರಮ್ಮ ಪೊಟ್ಟಣ ಕೆಳಗಿಡಲಿಲ್ಲ. ತುಂಬ ಮೆಲ್ಲಗೆ ಕೇಳಿದಳು, "ಹಂಗಾದ್ರೆ ನನ್ ಪಾಪಮ್ಮ?"

ದೊಡ್ಡಮುನಿಯಮ್ಮ ಹೆದರಿದ್ದು ಆ ಪ್ರಶ್ನೆಗೇ. ಪಾಪಮ್ಮ ಸಾಯುವ ಹಿಂದಿನ ದಿನವೆಲ್ಲ ನೀರು ನೀರು ಎಂದು ಕನವರಿಸಿದ್ದಳು. ಭದ್ರಮ್ಮ ತಡೆಯಲಾರದೆ ಚೊಂಬು ಹಿಡಿದು ಬಂದಿದ್ದಳು. ಅದನ್ನು ಕಸಿದುಕೊಂಡು ಹೊರಗಿಟ್ಟು, ಒದ್ದೆ ಬಟ್ಟೆಯಿಂದ ಆ ಹುಡುಗಿಯ ತುಟಿ ಒರೆಸಿದವಳು ದೊಡ್ಡಮುನಿಯಮ್ಮ.

ಹೇಳಬಹುದಾದ ಒಂದು ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಈ ಮಾತ್ರೆ ನುಂಗಿದವರಿಗೆ ಮಾತ್ರ ನೀರು, ಬೇರೆ ಬಾಣಂತಿಯರಿಗೆ ಹಳೆಯ ಕಟ್ಟಳೆಯೇ ಸರಿ ಎಂದುಬಿಟ್ಟರೆ ಆಗಿತ್ತು. ಆಗ ಮಾತ್ರೆಯೇ ಇರಲಿಲ್ಲವಲ್ಲ! ನಾರಾಯಣಮ್ಮನಿಗೂ ನೀರು ಸಿಗುತ್ತಿತ್ತು, ಪಾಪಮ್ಮನ ಪ್ರಶ್ನೆಯೂ ಮುಚ್ಚಿಹೋಗುತ್ತಿತ್ತು, ಅವಳ ಹೆಸರಿಗೂ ಮಸಿ ತಾಗುತ್ತಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಅದನ್ನೇ ಹೇಳುತ್ತಿದ್ದರು, ತಪ್ಪೆಂದು ಯಾರೂ ಅನ್ನುತ್ತಿರಲಿಲ್ಲ. ದೊಡ್ಡಮುನಿಯಮ್ಮ ಹೇಳಲಿಲ್ಲ. ಹಾಗೆ ಹೇಳಿದರೆ ನಾಳೆ ಇನ್ನೊಂದು ಮನೆಯಲ್ಲಿ ಇನ್ನೊಬ್ಬಳು ಬಾಯಾರಿ ಮಲಗಿರುತ್ತಾಳೆ, ಅವಳ ತಾಯಿ ಬಾಗಿಲಲ್ಲಿ ಹೀಗೆಯೇ ನಿಂತಿರುತ್ತಾಳೆ ಎಂಬುದು ಅವಳಿಗೆ ಆ ಕ್ಷಣದಲ್ಲಿ ಕಣ್ಣಿಗೆ ಕಟ್ಟಿದಂತೆ ಕಂಡಿತು.

ಅವಳು ಭದ್ರಮ್ಮನ ಎದುರಿಗೆ ನೆಲದ ಮೇಲೆ ಕುಕ್ಕರಿಸಿದಳು. "ನೀರು ಕೊಟ್ಟಿದ್ರೆ ಪಾಪಮ್ಮ ಬದುಕ್ತಿದ್ಲಾ ಅಂದ್ರೆ ನಂಗೆ ಗೊತ್ತಿಲ್ಲ ಕಣೇ. ನಂಜು ದೊಡ್ಡದಿತ್ತು, ಆಗ ಈ ಔಸ್ದಿನೂ ಇರ್ಲಿಲ್ಲ. ಆದ್ರೆ ಬಾಯಾರ್ಕಂಡು ಸಾಯ್ಬೇಕಾಗಿರ್ಲಿಲ್ಲ ಅವ್ಳು. ನೀರು ಬತ್ತಿದ್ರೆ ಮೈಗೆ ಏನಾಯ್ತದೆ ಅಂತ ಇವತ್ತು ಕಂಡೆ. ಅತ್ತೆ ಹೇಳಿದ್ನ ಹೇಳ್ಕಂಡು ಬಂದೆ, ಸರಿನಾ ತಪ್ಪಾ ಅಂತ ಒಂದು ದಿನ ನೋಡ್ಲಿಲ್ಲ. ನೀನು ಚೊಂಬು ತಂದಿದ್ದೆ. ಕಿತ್ಕಂಡೋಳು ನಾನು. ಪಾಪ ನಂದು, ನಿಂದಲ್ಲ. ನನ್ನ ಆಮೇಲೆ ಏನ್ ಬೇಕಾದ್ರೂ ಅನ್ನು, ಹೊಡಿ, ಊರಿಗೆಲ್ಲ ಹೇಳು. ಈಗ ಇವ್ಳಿಗೆ ನೀರು ಕೊಡು."

ಭದ್ರಮ್ಮ ಎದ್ದಳು. ಪೊಟ್ಟಣವನ್ನು ಗೂಡಿನಲ್ಲಿಟ್ಟಳು. ದೊಡ್ಡಮುನಿಯಮ್ಮನ ಕಡೆ ನೋಡದೆ, ಕಾಯಿಸಿ ಆರಿಸಿದ್ದ ನೀರನ್ನು ಚೊಂಬಿಗೆ ಬಗ್ಗಿಸಿಕೊಂಡು ಬಾಣಂತಿಯ ಕೋಣೆಗೆ ಹೋದಳು. ಸೊಸೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಚೊಂಬನ್ನು ಅವಳ ಬಾಯಿಗೆ ಹಿಡಿದಳು. ಅರ್ಧ ನೀರು ಹುಡುಗಿಯ ಕತ್ತಿನ ಮೇಲೆ ಚೆಲ್ಲಿತು. ನಾರಾಯಣಮ್ಮ ಎರಡೂ ಕೈಯಲ್ಲಿ ಚೊಂಬನ್ನು ಹಿಡಿದುಕೊಂಡು, ಉಸಿರು ಕಟ್ಟಿ ಕುಡಿದು, "ಇನ್ನೊಂದ್ ಸ್ವಲ್ಪ, ಅತ್ತೆಮ್ಮ," ಎಂದಳು. ಭದ್ರಮ್ಮ ಆಗ ಗಟ್ಟಿಯಾಗಿ ಅತ್ತಳು. ಅಷ್ಟು ವರ್ಷ ತಡೆದಿಟ್ಟದ್ದೆಲ್ಲ ಅವತ್ತು ಹೊರಗೆ ಬಂತು.

ಪಾಪಯ್ಯನನ್ನು ದೊಡ್ಡಮುನಿಯಮ್ಮ ಕೂಡಲೇ ಹೊಸೂರಿಗೆ ಓಡಿಸಿದಳು. "ನಡೆದಿದ್ದನ್ನ ಇದ್ದಂಗೆ ಹೇಳು. ಮುನಿಯಮ್ಮ ನೀರು ಕೊಡ್ಲಿಲ್ಲ ಅಂತ್ಲೂ ಹೇಳ್ಲಾ, ನಾಚ್ಕೋಬೇಡ," ಎಂದು ಕೂಗಿ ಹೇಳಿದಳು. ಮೂತ್ರ ತಿಳಿಯಾಗಿ ಧಾರಾಳವಾಗಿ ಬರುವ ತನಕ ಮಾತ್ರೆ ನಿಲ್ಲಿಸಬೇಕು, ನೀರಿನಲ್ಲಿ ಸೋಡಾ ಪುಡಿ ಕದಡಿ ಬಿಡದೆ ಕುಡಿಸಬೇಕು, ಆಮೇಲೆ ಉಳಿದ ಮಾತ್ರೆಗಳನ್ನು ಮುಗಿಸಬೇಕು ಎಂದು ಡಾಕ್ಟರಮ್ಮ ಹೇಳಿ, ಪುಡಿಯ ಪೊಟ್ಟಣವನ್ನೂ ಕಳಿಸಿದಳು. ಬೈದಳೇ ಎಂದು ದೊಡ್ಡಮುನಿಯಮ್ಮ ಕೇಳಿದಳು. "ಇಲ್ಲ. ಮುನಿಯಮ್ಮ ನಿಜ ಹೇಳಿ ಕಳಿಸಿದ್ದಕ್ಕೆ ನಿನ್ ಹೆಂಡ್ತಿ ಉಳೀತಾಳೆ ಅಂದ್ರು," ಎಂದ ಪಾಪಯ್ಯ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು ಎಂದು ಅವಳಿಗನಿಸಿತು.

ಕೆಂಪು ತಿಳಿಗೆಂಪಾಯಿತು, ತಿಳಿಗೆಂಪು ಹಳದಿಯಾಯಿತು, ಹಳದಿಯೂ ತೆಳುವಾಯಿತು. ಹೆತ್ತ ಕೂಸಿನ ಮುಖವನ್ನೂ ಯಾರೂ ಅಷ್ಟು ಆಸೆಯಿಂದ ನೋಡಿರಲಾರರು, ಬಚ್ಚಲಿನ ಆ ಬಣ್ಣವನ್ನು ದೊಡ್ಡಮುನಿಯಮ್ಮ ಹಾಗೆ ನೋಡಿದಳು. ಮಾತ್ರೆಗಳು ಮುಗಿದವು. ನಾರಾಯಣಮ್ಮ ಎದ್ದು ಕೂತು ಕೂಸಿಗೆ ಹಾಲೂಡಿಸಿದಳು. ಅವತ್ತು ದೊಡ್ಡಮುನಿಯಮ್ಮ ತನ್ನ ಸೀರೆಯ ಗಂಟು ಎತ್ತಿಕೊಂಡು ಮನೆಗೆ ಹೋದಳು. ಭದ್ರಮ್ಮ ಬಾಗಿಲ ತನಕ ಬರಲಿಲ್ಲ, ಮಾತೂ ಆಡಲಿಲ್ಲ.

ಇಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಅವಳು ಬಿಡಲಿಲ್ಲ. ಬಸುರಿಯರಿದ್ದ ಮನೆಗಳಿಗೆ, ಬಾಣಂತಿಯರಿದ್ದ ಮನೆಗಳಿಗೆ ತಾನಾಗಿಯೇ ಹೋದಳು. ಜಗಲಿಯ ಮೇಲೆ ನಿಂತು, ಅದೇ ದೊಡ್ಡ ಗಂಟಲಲ್ಲಿ, ತಾನು ಇಷ್ಟು ವರ್ಷ ಹೇಳಿದ್ದು ತಪ್ಪು, ಬಾಣಂತಿಗೆ ನೀರು ಕೊಡಿ, ಕಾಯಿಸಿ ಆರಿಸಿ ಹೊಟ್ಟೆ ತುಂಬ ಕೊಡಿ ಎಂದು ಹೇಳಿದಳು. ಮುಳ್ಳಿನ ಮೇಲೆ ನಡೆದ ಹಾಗೆ ಇತ್ತು ಅದು. ಸೊಸೆಯನ್ನು ಬಾಣಂತಿತನದಲ್ಲಿ ಕಳೆದುಕೊಂಡಿದ್ದ ನರಸಮ್ಮ ಎಂಬಾಕೆ ಬಾವಿಕಟ್ಟೆಯ ಮೇಲೆ ಎಲ್ಲರೆದುರು ಅವಳ ವಂಶವನ್ನೇ ಎತ್ತಿ ಶಾಪ ಹಾಕಿದಳು. ಮಾತಿಗೆ ಮಾತು ಕೊಡದೆ ಯಾರನ್ನೂ ಬಿಟ್ಟವಳಲ್ಲ ದೊಡ್ಡಮುನಿಯಮ್ಮ. ಅವತ್ತು ತಲೆ ತಗ್ಗಿಸಿ ನಿಂತು, ನರಸಮ್ಮ ಸುಸ್ತಾಗುವ ತನಕ ಕೇಳಿಸಿಕೊಂಡು, ಆಮೇಲೆ ತನ್ನ ಕೊಡ ತುಂಬಿಕೊಂಡು ಹೋದಳು. ಸೂಲಗಿತ್ತಿತನದಲ್ಲಿ ಅವಳಿಗಿಂತ ಚುರುಕು ಕೈಯವರು ಎಲ್ಲಾದರೂ ಇದ್ದಿರಬಹುದು, ಇಂಥ ಎದೆಯವರು ಇದ್ದಿರಲಿಕ್ಕಿಲ್ಲ.

ಜನ ನೀರಿನ ಮಾತನ್ನು ನಂಬಿದರು, ಆದರೆ ಅವಳನ್ನು ಬಿಟ್ಟರು. ತಪ್ಪೊಪ್ಪಿಕೊಂಡ ಸೂಲಗಿತ್ತಿಯನ್ನು ಕರೆಯಲು ಯಾರಿಗೆ ಧೈರ್ಯ? ನೋವು ಬಂದ ಮನೆಯವರು ಪಕ್ಕದ ಹಳ್ಳಿಗೆ ಗಾಡಿ ಕಟ್ಟತೊಡಗಿದರು. ತನ್ನ ಮನೆಯ ಮುಂದೆಯೇ ಆ ಗಾಡಿಗಳು ಹೋಗುವಾಗ ದೊಡ್ಡಮುನಿಯಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿರುತ್ತಿದ್ದಳು. ತನಗಿದು ಸಲ್ಲಬೇಕಾದ್ದೇ ಎಂದು ಹೇಳಿಕೊಳ್ಳುತ್ತಿದ್ದಳು. ಕೈಗಳು ಮಾತ್ರ ಕೆಲಸವಿಲ್ಲದೆ ಚಡಪಡಿಸುತ್ತಿದ್ದವು.

ರಾಗಿ ಕಣವೆಲ್ಲ ಮುಗಿದು, ಹುಣಸೆ ಬಡಿಯುವ ಕಾಲ ಬಂತು. ಒಂದು ಮಧ್ಯಾಹ್ನ ಜಗಲಿಯ ಮುಂದೆ ಯಾರೋ ಬಂದು ನಿಂತರು. ದೊಡ್ಡಮುನಿಯಮ್ಮ ತಲೆಯೆತ್ತಿದಳು. ಭದ್ರಮ್ಮ. ಅವತ್ತಿನಿಂದ 'ಹೂಂ' ಎಂದು ಕೂಡ ಮಾತಾಡಿಸಿದವಳಲ್ಲ. ಬಿಸಿಲಲ್ಲಿ ಬಿರಬಿರನೆ ನಡೆದು ಬಂದು ಏದುಸಿರು ಬಿಡುತ್ತಿದ್ದಳು.

"ಕಿರಿ ಮಗಳು ಚೊಚ್ಚಲಿಗೆ ಬಂದವ್ಳೆ. ನೋವು ಕಾಣಿಸ್ಕಂಡೈತೆ," ಎಂದಳು.

ದೊಡ್ಡಮುನಿಯಮ್ಮ ತನ್ನ ಕೈಗಳನ್ನು ನೋಡಿಕೊಂಡಳು. "ಬೇರೆ ಯಾರ್ನಾದ್ರೂ ಕರ್ಕಂಡ್ ಹೋಗು ಭದ್ರಿ. ನಿನ್ ಒಬ್ಬ ಮಗಳ್ನ ಈ ಕೈಯಾಗೆ..."

"ಕುಡಿಯಾಕೆ ನೀರು ಕಾಯ್ಸಿ ಆರಕ್ಕಿಟ್ಟೇ ಬಂದಿವ್ನಿ," ಎಂದಳು ಭದ್ರಮ್ಮ. "ಎದ್ದೇಳು ಅಕ್ಕ, ಹೊತ್ತಾಯ್ತದೆ."

ದೊಡ್ಡಮುನಿಯಮ್ಮ ಬಾಯಲ್ಲಿದ್ದ ಎಲೆಯಡಿಕೆಯನ್ನು ಉಗಿದು, ಮೊಣಕೈ ತನಕ ಕೈ ತೊಳೆದುಕೊಂಡು, ಅವಳ ಹಿಂದೆ ಹೊರಟಳು.